ಅಲಮಂಡ ಗಿಡ ಸೊರಗಿದರೆ: ದೋಷ ಎಲ್ಲಿದೆ ಎಂದು ಹುಡುಕುವುದು ಹೇಗೆ

ಗಂಟೆಯಂಥ ಹಳದಿ ಹೂ ಬಿಡುವ ಅಲಮಂಡ ಗಿಡಕ್ಕೆ ಏನೋ ಆಗಿದೆ ಅಂತ ನಮಗೆ ಗೊತ್ತಾಗುವುದು ಹೆಚ್ಚಾಗಿ ಎರಡು ರೀತಿಯಲ್ಲಿ. ಎಲೆ ಹಳದಿಯಾಗುತ್ತದೆ, ಇಲ್ಲವೇ ಹೂ ನಿಂತುಹೋಗುತ್ತದೆ. ಆಗ ಕೈ ತಾನಾಗಿಯೇ ನೀರಿನ ಕಡೆಗೋ ಗೊಬ್ಬರದ ಡಬ್ಬಿಯ ಕಡೆಗೋ ಹೋಗುತ್ತದೆ. ದಯವಿಟ್ಟು ಅಲ್ಲೇ ಸ್ವಲ್ಪ ತಡೆಯಿರಿ. ಈ ಗಿಡ ಸಾಯುವುದು ರೋಗದಿಂದ ಕಡಿಮೆ, ಕಾರಣ ನೋಡದೆ ಮಾಡಿದ ಉಪಚಾರದಿಂದಲೇ ಜಾಸ್ತಿ. ನೀರು ಹೆಚ್ಚಾಗಿ ಬಾಡಿದ ಗಿಡಕ್ಕೆ ಇನ್ನಷ್ಟು ನೀರು ಬೀಳುತ್ತದೆ. ಬೇರು ಕೊಳೆತ ಗಿಡಕ್ಕೆ ಗೊಬ್ಬರ ಬೀಳುತ್ತದೆ. ಹಾಗಾಗಿ ಇಲ್ಲಿ ಔಷಧಿಗಿಂತ ಮೊದಲು ನೋಡುವ ಕ್ರಮವನ್ನೇ ಹೇಳುತ್ತೇನೆ.

ಗಿಡದ ಸ್ವಭಾವ ಗೊತ್ತಿದ್ದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಅಲಮಂಡ ದಕ್ಷಿಣ ಅಮೆರಿಕದ ಗಿಡ. ಬ್ರೆಜಿಲ್, ಸುರಿನಾಮ್, ಗಯಾನಾ ಕಡೆ ನದಿ ದಂಡೆಗಳಲ್ಲಿ, ಬಿಸಿಲು ಬೀಳುವ ಬಯಲಲ್ಲಿ ಬೆಳೆಯುತ್ತದೆ. ಅಲ್ಲಿಂದ ಇದರ ಬೀಜಗಳನ್ನು ಕಳಿಸಿದ ಅಲಮಾಂ ಎಂಬ ಸ್ವಿಸ್ ವಿದ್ವಾಂಸರ ಹೆಸರನ್ನೇ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1771ರಲ್ಲಿ ಗಿಡಕ್ಕೆ ಇಟ್ಟರು. ಕಣಗಿಲೆ, ದೇವಗಣಗಿಲೆ, ನಿತ್ಯಪುಷ್ಪಗಳ ಕುಟುಂಬವೇ ಇದರದ್ದೂ. ಪೂರ್ತಿ ಬಿಸಿಲು, ಬೆಚ್ಚನೆ ಗಾಳಿ, ತೇವ ಇದ್ದರೂ ನೀರು ನಿಲ್ಲದ ಮಣ್ಣು, ಸ್ವಲ್ಪ ಹುಳಿ ಗುಣ: ಇಷ್ಟು ಸಿಕ್ಕರೆ ಈ ಗಿಡ ಬೇರೇನೂ ಕೇಳುವುದಿಲ್ಲ. ದೋಷ ಬಂದಿದೆ ಎಂದರೆ ಬಹುಪಾಲು ಈ ನಾಲ್ಕರಲ್ಲಿ ಒಂದು ತಪ್ಪಿದೆ ಎಂದೇ ಅರ್ಥ.

ನಿಮ್ಮ ಬಳಿ ಇರುವುದು ಯಾವ ಜಾತಿ ಎಂಬುದನ್ನೂ ನೋಡಿಕೊಳ್ಳಿ. ಅಲಮಂಡ ಕೆಥಾರ್ಟಿಕ ಬಳ್ಳಿಯ ಹಾಗೆ ಚಾಚುವ ಗಿಡ. ಆಸರೆ ಸಿಕ್ಕರೆ 5–6 ಮೀಟರ್ ಸುಲಭವಾಗಿ ಏರುತ್ತದೆ, ಹೂ ದೊಡ್ಡದು. ಅಲಮಂಡ ಶಾಟಿಯೈ ಪೊದೆಯಾಗಿ ನಿಲ್ಲುತ್ತದೆ. ಇದರ ಹೂ ಚಿಕ್ಕದು, ಗಂಟಲಿನ ಒಳಗೆ ಕೆಂಪು ಮಿಶ್ರಿತ ಕಂದು ಗೆರೆಗಳಿರುತ್ತವೆ, ಹೂವಿನ ಕೊಳವೆ ಬುಡದಲ್ಲಿ ಊದಿಕೊಂಡಿರುತ್ತದೆ. ಈ ವ್ಯತ್ಯಾಸ ಯಾಕೆ ಬೇಕು ಅನ್ನುವುದು ಹೂವಿನ ವಿಷಯ ಬಂದಾಗ ಗೊತ್ತಾಗುತ್ತದೆ.

ಇನ್ನೊಂದು ಎಚ್ಚರಿಕೆ. ಈ ಗಿಡದ ಯಾವ ಭಾಗ ಮುರಿದರೂ ಬಿಳಿ ಹಾಲು ಬರುತ್ತದೆ. ಕೆಲವರ ಚರ್ಮಕ್ಕೆ ಅದು ತುರಿಕೆ ತರುತ್ತದೆ, ಕಣ್ಣಿಗೆ ಬಿದ್ದರೆ ಉರಿ. ಹೊಟ್ಟೆಗೆ ಹೋದರೆ ವಾಂತಿ, ಭೇದಿ ಆಗುತ್ತದೆ. ಕತ್ತರಿ ಹಿಡಿಯುವ ಮೊದಲು ಕೈಗವಸು ಹಾಕಿಕೊಳ್ಳಿ. ಕತ್ತರಿಸಿದ ಚೂರುಗಳನ್ನು ಮಕ್ಕಳು, ಸಾಕುಪ್ರಾಣಿಗಳು ಓಡಾಡುವ ಕಡೆ ಬಿಡಬೇಡಿ.

ಮೊದಲು ಮೂರು ಕಡೆ ನೋಡಿ

ಒಂದು, ಮಣ್ಣು. ಮೇಲ್ಮೈ ನೋಡಿ ಏನೂ ತೀರ್ಮಾನಿಸಬೇಡಿ, ಅದು ಮೋಸ ಮಾಡುತ್ತದೆ. ಬೆರಳನ್ನು ಎರಡು ಗೆಣ್ಣಿನಷ್ಟು, ಅಂದರೆ ಸುಮಾರು 5 ಸೆಂ.ಮೀ. ಒಳಗೆ ತೂರಿಸಿ. ಕುಂಡ ಚಿಕ್ಕದಾದರೆ ಎತ್ತಿಯೂ ನೋಡಿ. ನೀರು ಕುಡಿದ ಕುಂಡದ ಭಾರಕ್ಕೂ ಒಣಗಿದ ಕುಂಡದ ಭಾರಕ್ಕೂ ಎಷ್ಟು ವ್ಯತ್ಯಾಸ ಎಂಬುದು ಕೈಗೆ ಬೇಗ ಅಭ್ಯಾಸವಾಗುತ್ತದೆ.

ಎರಡು, ಯಾವ ಎಲೆ ಮೊದಲು ಕೆಟ್ಟಿತು? ಬುಡದ ಹಳೆಯ ಎಲೆಯೋ, ತುದಿಯ ಚಿಗುರೋ? ನನ್ನ ಮಟ್ಟಿಗೆ ಇಡೀ ತಪಾಸಣೆಯಲ್ಲಿ ಇದಕ್ಕಿಂತ ಮುಖ್ಯವಾದ ಪ್ರಶ್ನೆ ಇಲ್ಲ.

ಮೂರು, ಎಲೆಯ ಅಡಿಭಾಗ. ಅಲಮಂಡದ ಎಲೆಗಳು ಒಂದೊಂದು ಗೆಣ್ಣಿನಲ್ಲಿ ಮೂರು–ನಾಲ್ಕು ಸೇರಿ ಸುತ್ತಲೂ ಹೊರಡುತ್ತವೆ. ಆ ಸಂದು ಮತ್ತು ಎಲೆಯ ಅಡಿ, ಇವೆರಡೂ ಕೀಟಗಳ ಮನೆ. ಮೇಲಿನಿಂದ ನೋಡಿ "ಹುಳ ಏನೂ ಇಲ್ಲ" ಅಂದುಬಿಡುವುದು ಸುಲಭ.

ಎಲೆ ಹಳದಿಯಾಗುತ್ತಿದೆ

ಬುಡದ ಎಲೆಗಳು ಒಂದೊಂದಾಗಿ, ಪೂರ್ತಿ ಹಳದಿಯಾಗಿ, ಮೆತ್ತಗಾಗಿ ಉದುರುತ್ತಿವೆ, ಮಣ್ಣು ಒಳಗೆ ಒದ್ದೆ ಇದೆ ಎಂದರೆ ನೀರು ಜಾಸ್ತಿಯಾಗಿದೆ. ನೀರು ನಿಲ್ಲಿಸಿ. ಕುಂಡದ ಅಡಿಯ ತೂತು ಬೇರಿನಿಂದಲೋ ಜಿಗುಟು ಮಣ್ಣಿನಿಂದಲೋ ಮುಚ್ಚಿಕೊಂಡಿದೆಯಾ ನೋಡಿ. ಕೆಳಗಿಟ್ಟ ತಟ್ಟೆಯಲ್ಲಿ ನೀರು ನಿಂತಿದ್ದರೆ ಚೆಲ್ಲಿ. ಮೇಲಿನ 3 ಸೆಂ.ಮೀ. ಮಣ್ಣು ಒಣಗುವವರೆಗೆ ಮತ್ತೆ ನೀರು ಹಾಕಬೇಡಿ. ಚಳಿ, ಮೋಡದ ದಿನಗಳಲ್ಲಿ ಗಿಡ ನೀರು ಕುಡಿಯುವುದೇ ಕಡಿಮೆ. ಬೇಸಿಗೆಯ ಲೆಕ್ಕದಲ್ಲೇ ನೀರು ಹಾಕುತ್ತಾ ಹೋದರೆ ಈ ದೋಷ ಬಂದೇ ಬರುತ್ತದೆ.

ಹಳೆಯ ಎಲೆಗಳು ಉದುರದೆ, ಒಟ್ಟಾಗಿ ಪೇಲವವಾಗುತ್ತಾ ಹೋಗಿ, ಗಿಡದ ಬೆಳವಣಿಗೆಯೂ ಕುಂಟಿದ್ದರೆ ಸಾರಜನಕದ ಕೊರತೆ. ಹಳೆಯ ಎಲೆಯ ನರಗಳ ಸುತ್ತ ಹಸಿರು ಉಳಿದು, ನಡುವಿನ ಜಾಗ ಮತ್ತು ಅಂಚು ಹಳದಿಯಾಗಿದ್ದರೆ ಮೆಗ್ನೀಷಿಯಂ ಕೊರತೆ. ಇದೇ ಚಿತ್ರ, ಅಂದರೆ ಹಸಿರು ನರ, ಹಳದಿ ಎಲೆ, ತುದಿಯ ಎಳೆ ಎಲೆಗಳಲ್ಲಿ ಕಂಡರೆ ಅದು ಬೇರೆ ಕಥೆ. ಅದು ಕಬ್ಬಿಣದ ಕೊರತೆ.

ಹಳೆ ಎಲೆ, ಹೊಸ ಎಲೆ ಅಂತ ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಸಾರಜನಕ ಮತ್ತು ಮೆಗ್ನೀಷಿಯಂ ಗಿಡದೊಳಗೆ ಓಡಾಡುವ ಪೋಷಕಾಂಶಗಳು. ಕೊರತೆ ಬಂದಾಗ, ಮನೆಯ ಹಿರಿಯರು ತಮ್ಮ ತಟ್ಟೆಯದನ್ನು ಮಕ್ಕಳಿಗೆ ಬಡಿಸುವ ಹಾಗೆ, ಗಿಡ ಹಳೆ ಎಲೆಯಿಂದ ತೆಗೆದು ಚಿಗುರಿಗೆ ಕೊಡುತ್ತದೆ. ಕಬ್ಬಿಣ ಹಾಗಲ್ಲ. ಒಮ್ಮೆ ಒಂದು ಎಲೆ ಸೇರಿದರೆ ಅಲ್ಲಿಂದ ಕದಲುವುದಿಲ್ಲ. ಅದಕ್ಕೇ ಹಳೆ ಎಲೆ ಹಸಿರಾಗೇ ಇರುತ್ತದೆ, ಚಿಗುರು ಮಾತ್ರ ಬಿಳಿಚಿಕೊಳ್ಳುತ್ತದೆ.

ಅಲಮಂಡಕ್ಕೆ ಕಬ್ಬಿಣದ ತೊಂದರೆ ಆಗಾಗ ಬರುತ್ತದೆ. ಮಣ್ಣಿನಲ್ಲಿ ಕಬ್ಬಿಣ ಇಲ್ಲ ಅಂತಲ್ಲ, ಇದ್ದರೂ ಬೇರಿಗೆ ಸಿಗುವುದಿಲ್ಲ. ಈ ಗಿಡಕ್ಕೆ ಹಿತವಾದ ಪಿಎಚ್ (ಮಣ್ಣಿನ ಹುಳಿ–ಕ್ಷಾರದ ಅಳತೆ; 7ಕ್ಕಿಂತ ಕಡಿಮೆ ಹುಳಿ, ಹೆಚ್ಚು ಕ್ಷಾರ) ಸುಮಾರು 5.5ರಿಂದ 6.5. ಮಣ್ಣು ಕ್ಷಾರದ ಕಡೆ ವಾಲಿದಷ್ಟೂ ಕಬ್ಬಿಣ ಗಟ್ಟಿಯಾಗಿ ಕೂತುಬಿಡುತ್ತದೆ. ಗಡುಸು ನೀರನ್ನೇ ಹಾಕುತ್ತಾ ಬಂದರೆ ಒಳ್ಳೆಯ ಮಣ್ಣೂ ನಿಧಾನವಾಗಿ ಅತ್ತ ತಿರುಗುತ್ತದೆ. ಹೊಸ ಗೋಡೆಯ ಪಕ್ಕ ನೆಟ್ಟ ಗಿಡವಾದರೆ ಸಿಮೆಂಟು, ಸುಣ್ಣದ ಚೂರುಗಳು ಮಣ್ಣಿಗೆ ಸೇರಿವೆಯಾ ನೋಡಿ. ಹೂ ಬರಲಿ ಅಂತ ರಂಜಕ ಹೆಚ್ಚಿರುವ ಗೊಬ್ಬರವನ್ನು ಮತ್ತೆ ಮತ್ತೆ ಸುರಿದರೂ ಕಬ್ಬಿಣ ಸಿಗದಂತಾಗುತ್ತದೆ. ಕೊನೆಯದಾಗಿ, ಬೇರು ಕೊಳೆತಿದ್ದರೂ ಇದೇ ಲಕ್ಷಣ ಕಾಣುತ್ತದೆ. ಆದ್ದರಿಂದ ಕಬ್ಬಿಣ ಹಾಕುವ ಮೊದಲು ಮಣ್ಣಿನ ತೇವ ಮತ್ತೊಮ್ಮೆ ನೋಡಿ.

ಉಪಚಾರಕ್ಕೆ ಕೀಲೇಟ್ ರೂಪದ ಕಬ್ಬಿಣ ಬೇಕು, ಅಂದರೆ ಮಣ್ಣಿನಲ್ಲಿ ಗಟ್ಟಿಯಾಗದಂತೆ ಬೇರೊಂದು ರಾಸಾಯನಿಕ ಹಿಡಿದಿಟ್ಟುಕೊಂಡ ಕಬ್ಬಿಣ. ಇಲ್ಲೂ ಒಂದು ಸೂಕ್ಷ್ಮ ಇದೆ. ಸಾಮಾನ್ಯವಾಗಿ ಸಿಗುವ ಇಡಿಟಿಎ ರೂಪದ ಕಬ್ಬಿಣ ಪಿಎಚ್ 6.5 ದಾಟಿದ ಮಣ್ಣಿನಲ್ಲಿ ನಿಲ್ಲುವುದಿಲ್ಲ. ಅಂಥ ಮಣ್ಣಿಗೆ ಇಡಿಡಿಎಚ್‌ಎ ರೂಪದ್ದು ಬೇಕು. ಇಡಿಟಿಎ ಮಾತ್ರ ಕೈಯಲ್ಲಿದ್ದರೆ ಮಣ್ಣಿಗೆ ಹಾಕದೆ ಎಲೆಗೆ ಸಿಂಪಡಿಸಿ. ಪ್ರಮಾಣ ಪೊಟ್ಟಣದ ಮೇಲೆ ಬರೆದಷ್ಟೇ ಇರಲಿ. ತುಕ್ಕು ಹಿಡಿದ ಮೊಳೆ ಹೂತಿಡುವುದರಿಂದ ಪ್ರಯೋಜನವಿಲ್ಲ, ಆ ಕಬ್ಬಿಣವೂ ಕ್ಷಾರದ ಮಣ್ಣಿನಲ್ಲಿ ಬೇರಿಗೆ ಸಿಗುವುದಿಲ್ಲ. ಮೆಗ್ನೀಷಿಯಂ ಕೊರತೆಗೆ ಲೀಟರ್ ನೀರಿಗೆ ಸುಮಾರು 5 ಗ್ರಾಂ ಎಪ್ಸಂ ಉಪ್ಪು (ಮೆಗ್ನೀಷಿಯಂ ಸಲ್ಫೇಟ್) ಕರಗಿಸಿ ಸಂಜೆ ಹೊತ್ತು ಎಲೆಗೆ ಸಿಂಪಡಿಸಬಹುದು. ಎರಡು ವಾರ ಬಿಟ್ಟು ಇನ್ನೊಮ್ಮೆ ಮಾಡಿದರೆ ಸಾಕು. ಲಕ್ಷಣ ಇಲ್ಲದೆ ಸುಮ್ನೆ ಎಪ್ಸಂ ಹಾಕಬೇಡಿ.

ಫಲ ಬಂತೋ ಇಲ್ಲವೋ ಅಂತ ನೋಡುವಾಗ ಹಳದಿಯಾದ ಎಲೆಯನ್ನೇ ದಿಟ್ಟಿಸಬೇಡಿ. ಅದು ಪೂರ್ತಿ ಹಸಿರಾಗದೇ ಇರಬಹುದು. ಮುಂದೆ ಬರುವ ಚಿಗುರು ಯಾವ ಬಣ್ಣದಲ್ಲಿದೆ ಎಂಬುದೇ ಉತ್ತರ.

ಗಿಡ ಬಾಡಿದೆ

ಮಧ್ಯಾಹ್ನದ ಬಿಸಿಲಿಗೆ ಜೋತುಬಿದ್ದು ಸಂಜೆಗೆ ಚೇತರಿಸಿಕೊಂಡರೆ ಚಿಂತೆ ಬೇಡ. ಬೆಳಿಗ್ಗೆಯೂ ಬಾಡಿಯೇ ಇದ್ದರೆ ಮಣ್ಣು ಮುಟ್ಟಿ ನೋಡಿ. ಒಣಗಿದ್ದರೆ ನೀರು ಹಾಕಿ, ಅಡಿಯ ತೂತಿನಿಂದ ಹೊರಬರುವಷ್ಟು ಹಾಕಿ. ತೆಂಗಿನ ನಾರಿನ ಪುಡಿ ಪೂರ್ತಿ ಒಣಗಿದ್ದರೆ ನೀರು ಅಂಚಿನಿಂದಲೇ ಜಾರಿ ಹೋಗುತ್ತದೆ, ಒಳಗೆ ಇಳಿಯುವುದಿಲ್ಲ. ಹಾಗಾದಾಗ ಕುಂಡವನ್ನು ಅರ್ಧ ಗಂಟೆ ನೀರಿನ ತೊಟ್ಟಿಯಲ್ಲಿ ಕೂರಿಸಿ.

ಮಣ್ಣು ಒದ್ದೆ ಇದ್ದೂ ಗಿಡ ಬಾಡಿದ್ದರೆ ವಿಷಯ ಗಂಭೀರ. ಬೇರು ಸತ್ತಿರುವುದರಿಂದ ಎದುರಿಗಿರುವ ನೀರನ್ನು ಕುಡಿಯಲು ಅದಕ್ಕೆ ಆಗುತ್ತಿಲ್ಲ. ತಡಮಾಡದೆ ಗಿಡ ಹೊರತೆಗೆಯಿರಿ. ಬುಡವನ್ನು ಬೆರಳ ನಡುವೆ ಹಿಡಿದು, ಕುಂಡ ಓರೆ ಮಾಡಿ, ಅಂಚಿಗೆ ತಟ್ಟಿದರೆ ಮಣ್ಣಿನ ಗಡ್ಡೆ ಸಮೇತ ಜಾರಿ ಬರುತ್ತದೆ. ಒಳ್ಳೆಯ ಬೇರು ಬಿಳಿಯೋ ತಿಳಿ ಕಂದೋ ಇರುತ್ತದೆ, ಎಳೆದರೆ ಗಟ್ಟಿ. ಕೊಳೆತ ಬೇರು ಕಡು ಕಂದು, ಕೆಲವೊಮ್ಮೆ ಕಪ್ಪು. ಎರಡು ಬೆರಳಲ್ಲಿ ಹಿಡಿದು ಎಳೆದರೆ ಹೊರಸಿಪ್ಪೆ ಕಾಲುಚೀಲದ ಥರ ಕಳಚಿ ಬಂದು ಒಳಗೆ ಬರೀ ದಾರದಂಥ ನಾರು ಉಳಿಯುತ್ತದೆ. ಮೂಗಿಗೆ ಚರಂಡಿಯ ವಾಸನೆ ಬಂದರೆ ಇನ್ನು ಅನುಮಾನವೇ ಬೇಡ.

ಕೊಳೆತದ್ದನ್ನೆಲ್ಲ ಶುದ್ಧವಾದ ಕತ್ತರಿಯಿಂದ ತೆಗೆಯಿರಿ. ಬೇರು ಎಷ್ಟು ಹೋಯಿತೋ ಹೆಚ್ಚುಕಡಿಮೆ ಅಷ್ಟೇ ಪಾಲು ಮೇಲಿನ ರೆಂಬೆಗಳನ್ನೂ ಸವರಿ. ಇಲ್ಲವಾದರೆ ಉಳಿದ ನಾಲ್ಕು ಬೇರು ಅಷ್ಟೊಂದು ಎಲೆಗೆ ನೀರು ಒದಗಿಸಲಾರದು. ಹಳೆ ಮಣ್ಣು ಎಸೆಯಿರಿ. ಹೊಸ ಮಿಶ್ರಣದಲ್ಲಿ ಮೂರನೇ ಒಂದು ಭಾಗವಾದರೂ ದಪ್ಪ ಮರಳು ಅಥವಾ ಪರ್ಲೈಟ್ (ನೀರು ಬಸಿಯಲು ಬೆರೆಸುವ ಹಗುರವಾದ ಬಿಳಿ ಹರಳು) ಇರಲಿ. ಕುಂಡ ಬೇರಿನ ಗಡ್ಡೆಗಿಂತ ಸ್ವಲ್ಪವೇ ದೊಡ್ಡದಿರಲಿ. ಪಾಪ, ಗಿಡ ಆರಾಮಾಗಿರಲಿ ಅಂತ ದೊಡ್ಡ ಕುಂಡಕ್ಕೆ ಹಾಕುವುದು ಬೇಡ. ಬೇರಿಲ್ಲದ ಕಡೆಯ ಮಣ್ಣು ವಾರಗಟ್ಟಲೆ ಒದ್ದೆಯಾಗೇ ಉಳಿದು ಮತ್ತೆ ಕೊಳೆ ಶುರುವಾಗುತ್ತದೆ. ಹೊಸ ಚಿಗುರು ಕಾಣುವವರೆಗೆ ಮಬ್ಬು ನೆರಳಲ್ಲಿಡಿ. ಅಲ್ಲಿಯವರೆಗೆ ಗೊಬ್ಬರದ ಮಾತೇ ಬೇಡ.

ಬೇರು ಕೊಳೆತಿಲ್ಲ, ಆದರೆ ಅದರ ಮೇಲೆ ಮಣಿಗಳ ಹಾಗೆ ಗಂಟುಗಳಿವೆ ಎಂದರೆ ಬೇರುಗಂಟು ಜಂತುಹುಳು. ಇದಕ್ಕೆ ಮನೆ ತೋಟದಲ್ಲಿ ಪೂರ್ತಿ ಗುಣ ಮಾಡುವ ಮದ್ದಿಲ್ಲ. ಗಿಡದ ಮೇಲ್ಭಾಗದಿಂದ ಕಟಿಂಗ್ (ನೆಟ್ಟು ಬೇರು ಬರಿಸುವ ರೆಂಬೆಯ ತುಂಡು) ತೆಗೆದುಕೊಂಡು, ಬೇರು ಮತ್ತು ಮಣ್ಣನ್ನು ಬೇರೆ ಗಿಡಗಳಿಗೆ ಸೋಕದಂತೆ ವಿಲೇವಾರಿ ಮಾಡುವುದೇ ಸರಿ.

ಗಿಡ ಹಸಿರಾಗಿದೆ, ಹೂ ಮಾತ್ರ ಇಲ್ಲ

ಮೊದಲು ಬಿಸಿಲು ಲೆಕ್ಕ ಹಾಕಿ. ನೇರ ಬಿಸಿಲು ದಿನಕ್ಕೆ 6 ಗಂಟೆ ಸಿಗಬೇಕು. ಬೆಳಕಿದೆ ಎಂಬುದು ಬೇರೆ, ಬಿಸಿಲಿದೆ ಎಂಬುದು ಬೇರೆ. ನೆರಳಿನ ಗಿಡದಲ್ಲಿ ಗೆಣ್ಣುಗಳ ನಡುವಿನ ಅಂತರ ಉದ್ದವಾಗಿರುತ್ತದೆ, ರೆಂಬೆ ಸಣಕಲಾಗಿ ಬೆಳಕಿನ ಕಡೆ ಬಾಗಿರುತ್ತದೆ. ಪಕ್ಕದ ಮರ ಬೆಳೆದು ನೆರಳು ಚಾಚಿದ್ದರೆ, ಕಳೆದ ವರ್ಷ ಹೂ ಬಿಟ್ಟ ಜಾಗದಲ್ಲೇ ಈ ವರ್ಷ ಬಿಡದಿರಬಹುದು.

ಬಿಸಿಲು ಸಾಕಷ್ಟಿದ್ದರೆ ಕತ್ತರಿಯ ಕಡೆ ಬನ್ನಿ. ಅಲಮಂಡ ಹೂ ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ಬೇಲಿ ಸವರಿದ ಹಾಗೆ ತಿಂಗಳಿಗೊಮ್ಮೆ ತುದಿ ಸವರುತ್ತಿದ್ದರೆ ಅರಳಬೇಕಾದ ಮೊಗ್ಗನ್ನೇ ಪ್ರತಿ ಸಲ ತೆಗೆದಂತೆ ಆಯಿತು, ಅಲ್ವಾ? ಬಳ್ಳಿಯಾಗಿ ಚಾಚುವ ಜಾತಿಯನ್ನು ಗುಂಡಗೆ ಪೊದೆ ಮಾಡಲು ಹೋದಾಗ ಇದು ಜಾಸ್ತಿ ಆಗುತ್ತದೆ. ಪೊದೆ ಆಕಾರವೇ ಬೇಕಿದ್ದರೆ ಪೊದೆ ಜಾತಿಯನ್ನೇ ಬೆಳೆಸಿ. ಸವರುವುದಕ್ಕೆ ಸರಿಯಾದ ಹೊತ್ತು ಚಳಿ ಮುಗಿದು ಹೊಸ ಚಿಗುರು ಹೊರಡುವ ಮುಂಚೆ. ಆಗ ಅರ್ಧದಷ್ಟು ಕತ್ತರಿಸಿದರೂ ಗಿಡ ತಾಳಿಕೊಳ್ಳುತ್ತದೆ. ಕತ್ತರಿಸಿದ ಕಡೆಯಿಂದ ಎರಡು–ಮೂರು ರೆಂಬೆ ಒಡೆದು ಅಷ್ಟೂ ತುದಿಯಲ್ಲಿ ಹೂ ಬರುತ್ತದೆ.

ಎಲೆ ಕಡು ಹಸಿರು, ಗಿಡ ದಿನದಿನಕ್ಕೂ ಉದ್ದವಾಗುತ್ತಿದೆ, ಮೊಗ್ಗಿನ ಸುಳಿವೇ ಇಲ್ಲ ಎಂದರೆ ಸಾರಜನಕ ಅತಿಯಾಗಿದೆ. ಹತ್ತಿರದ ಹುಲ್ಲುಹಾಸಿಗೆ ಹಾಕಿದ ಯೂರಿಯಾ ಕೂಡ ಬೇರಿಗೆ ತಲುಪುತ್ತದೆ, ಮರೆಯಬೇಡಿ. ಒಂದೆರಡು ತಿಂಗಳು ಗೊಬ್ಬರ ನಿಲ್ಲಿಸಿ. ಆಮೇಲೆ ಪೊಟ್ಯಾಷ್ ಇರುವ ಸಮತೋಲದ ಗೊಬ್ಬರವನ್ನು ಸ್ವಲ್ಪ ಸ್ವಲ್ಪವೇ ಕೊಡಿ.

ಮೊಗ್ಗು ಬಂದು ಅರಳದೇ ಉದುರುತ್ತಿದ್ದರೆ ಮಣ್ಣು ಒಮ್ಮೆ ಪೂರ್ತಿ ಒಣಗಿ ಒಮ್ಮೆ ಪೂರ್ತಿ ನೆನೆಯುತ್ತಿದೆಯಾ ನೋಡಿ. ಮೊಗ್ಗು ಕಟ್ಟಿದ ಮೇಲೆ ಕುಂಡದ ಜಾಗ ಬದಲಿಸಿದರೂ ಉದುರುತ್ತದೆ. ಇವೆರಡೂ ಇಲ್ಲದಿದ್ದರೆ ಒಂದು ಮೊಗ್ಗನ್ನು ಬಿಳಿ ಕಾಗದದ ಮೇಲೆ ಬಿಡಿಸಿ ನೋಡಿ. ಪುಟ್ಟ ಗೆರೆಯಂತಿರುವ, ಸರಸರ ಓಡುವ ಥ್ರಿಪ್ಸ್ ಎಂಬ ಕೀಟ ಸಿಗಬಹುದು.

ಅಂಟು, ಕಪ್ಪು ಮಸಿ, ಬಲೆ

ಎಲೆ ಅಂಟಂಟಾಗಿದ್ದು ಇರುವೆಗಳು ಮೇಲೆ ಕೆಳಗೆ ಓಡಾಡುತ್ತಿದ್ದರೆ ರಸ ಹೀರುವ ಕೀಟ ಇದೆ. ಚಿಗುರಿನ ತುದಿಯಲ್ಲಿ ಮುತ್ತಿರುವುದು ಸಸ್ಯಹೇನು. ಗಿಡ ಅಲುಗಿಸಿದಾಗ ಪುರ್ರೆಂದು ಹಾರುವುದು ಬಿಳಿ ನೊಣ. ಸಂದಿನಲ್ಲಿ ಹತ್ತಿಯಂತೆ ಕೂತಿರುವುದು ಹಿಟ್ಟು ತಿಗಣೆ. ಅವು ಸುರಿಸುವ ಸಿಹಿ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ. ಬೂಷ್ಟಿಗೆ ಶಿಲೀಂಧ್ರನಾಶಕ ಹೊಡೆಯುವುದು ವ್ಯರ್ಥ. ಕೀಟ ಹೋದರೆ ಒದ್ದೆ ಬಟ್ಟೆಯಲ್ಲಿ ಒರೆಸಿದಾಗ ಅದೂ ಹೋಗುತ್ತದೆ. ಮೊದಲು ರಭಸದ ನೀರು, ನಂತರ ಲೀಟರಿಗೆ 5 ಮಿ.ಲೀ. ಬೇವಿನ ಎಣ್ಣೆ ಮತ್ತು ಕೆಲವು ಹನಿ ಸೌಮ್ಯ ಸೋಪು. ಎರಡು–ಮೂರು ಎಲೆಗೆ ಹಾಕಿ ಒಂದು ದಿನ ಕಾದು, ಸುಡದಿದ್ದರೆ ಮಾತ್ರ ಇಡೀ ಗಿಡಕ್ಕೆ ಸಿಂಪಡಿಸಿ. ಬಿಸಿಲಿನಲ್ಲಿ ಬೇಡವೇ ಬೇಡ. ಇರುವೆಗಳನ್ನೂ ತಡೆಯಿರಿ, ಅಂಟಿನ ಆಸೆಗೆ ಅವು ಈ ಕೀಟಗಳಿಗೆ ಕಾವಲು ನಿಲ್ಲುತ್ತವೆ.

ಎಲೆ ಮೇಲೆ ಸೂಜಿಯಲ್ಲಿ ಚುಚ್ಚಿದಂತೆ ಸಣ್ಣ ಸಣ್ಣ ತಿಳಿ ಚುಕ್ಕೆ ತುಂಬಿ, ಬಣ್ಣ ಧೂಳು ಹಿಡಿದಂತೆ ಮಾಸಿದ್ದರೆ ನುಸಿಯ ಅನುಮಾನ ಪಡಿ. ಒಣ ಹವೆಯಲ್ಲಿ, ಮಳೆ ತಾಗದ ಬಾಲ್ಕನಿಯಲ್ಲಿ, ಮನೆಯೊಳಗಿಟ್ಟ ಗಿಡದಲ್ಲಿ ಇದು ಹೆಚ್ಚು. ಎಲೆಯ ಕೆಳಗೆ ಬಿಳಿ ಕಾಗದ ಹಿಡಿದು ರೆಂಬೆಯನ್ನು ಎರಡು ಸಲ ತಟ್ಟಿ, ಉಸಿರು ಬಿಗಿಹಿಡಿದು ಸ್ವಲ್ಪ ಹೊತ್ತು ನೋಡಿ. ಬಿದ್ದ ಧೂಳಿನ ಕಣಗಳಲ್ಲಿ ಕೆಲವು ನಿಧಾನವಾಗಿ ನಡೆಯಲು ಶುರು ಮಾಡಿದರೆ ಅವೇ ನುಸಿ. ಬೆರಳಿನಿಂದ ಒರೆಸಿದರೆ ಕಾಗದದ ಮೇಲೆ ಸಣ್ಣ ಕಲೆ ಉಳಿಯುತ್ತದೆ. ಸಂದಿನಲ್ಲಿ ನವಿರಾದ ಬಲೆ ಕಂಡರೆ ಸಂಖ್ಯೆ ಆಗಲೇ ಮಿತಿಮೀರಿದೆ.

ನುಸಿ ಜೇಡದ ಬಳಗದ್ದು, ಎಂಟು ಕಾಲಿನ ಜೀವಿ. ಹಾಗಾಗಿ ಸಾಮಾನ್ಯ ಕೀಟನಾಶಕಕ್ಕೆ ಜಗ್ಗುವುದಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ಆ ಔಷಧಿ ನುಸಿಯನ್ನು ತಿನ್ನುವ ಉಪಕಾರಿ ಜೀವಿಗಳನ್ನು ಕೊಲ್ಲುತ್ತದೆ, ನುಸಿ ಇನ್ನೂ ಹೆಚ್ಚುತ್ತದೆ. ಎಲೆಯ ಅಡಿಗೆ ರಭಸದ ನೀರು ಹಾಯಿಸಿ, ಮೇಲೆ ಹೇಳಿದ ಬೇವಿನ ಎಣ್ಣೆ ಹೊಡೆಯಿರಿ. ಸೆಕೆಯಲ್ಲಿ ಮೊಟ್ಟೆಯಿಂದ ಬೆಳೆದ ನುಸಿಯಾಗಲು ವಾರದಷ್ಟೇ ಸಾಕು. ಒಂದು ಸಲ ಹೊಡೆದು ಬಿಟ್ಟರೆ ಉಳಿದ ಮೊಟ್ಟೆಗಳು ಒಡೆದು ಮತ್ತೆ ಅಷ್ಟೇ ಆಗುತ್ತವೆ. 4–5 ದಿನಕ್ಕೊಮ್ಮೆ ಮೂರು ಸಲವಾದರೂ ಮಾಡಿ.

ಅಂಚು ಸುಟ್ಟಂತಿದ್ದರೆ

ಎಲೆಯ ತುದಿ, ಅಂಚು ಕಂದಾಗಿ ಗರಿಗರಿ ಆಗಿದ್ದು, ಮಣ್ಣಿನ ಮೇಲೆ ಅಥವಾ ಕುಂಡದ ಅಂಚಿನಲ್ಲಿ ಬಿಳಿ ಪದರ ಕಂಡರೆ ಉಪ್ಪು ಸೇರಿಕೊಂಡಿದೆ. ಗೊಬ್ಬರದ್ದೋ ನೀರಿನದ್ದೋ ಇರಬಹುದು. ಬಿಳಿ ಪದರ ಕೆರೆದು ತೆಗೆದು, ಕುಂಡದ ಗಾತ್ರದ ಎರಡು–ಮೂರು ಪಟ್ಟು ಒಳ್ಳೆಯ ನೀರನ್ನು ನಿಧಾನವಾಗಿ ಹಾಯಿಸಿ, ಪೂರ್ತಿ ಬಸಿದು ಹೋಗಲು ಬಿಡಿ. ಒಣ ಮಣ್ಣಿಗೆ ಗೊಬ್ಬರ ಹಾಕುವ ಅಭ್ಯಾಸ ಇದ್ದರೆ ಬಿಡಿ. ಮೊದಲು ನೀರು, ಆಮೇಲೆ ಗೊಬ್ಬರ.

ಚಳಿ ಹೊಡೆದ ಗಿಡ

ತಾಪಮಾನ 10 ಡಿಗ್ರಿಗಿಂತ ಕೆಳಗಿಳಿದರೆ ಬೆಳವಣಿಗೆ ನಿಲ್ಲುತ್ತದೆ, ಎಲೆ ಉದುರುತ್ತದೆ. ಹಿಮ ಬಿದ್ದರೆ ರೆಂಬೆ ಕಪ್ಪಾಗಿ ಒಣಗುತ್ತದೆ. ಸತ್ತಿತೆಂದು ಕಿತ್ತೆಸೆಯಬೇಡಿ. ಉಗುರಿನಿಂದ ತೊಗಟೆ ಸ್ವಲ್ಪ ಕೆರೆದು ನೋಡಿ. ಒಳಗೆ ಹಸಿರಿದ್ದು ಹಾಲು ಜಿನುಗಿದರೆ ಆ ಭಾಗ ಬದುಕಿದೆ. ಮೇಲಿನಿಂದ ಕೆಳಕ್ಕೆ ಕೆರೆಯುತ್ತಾ ಬಂದರೆ ಜೀವ ಎಲ್ಲಿಂದ ಶುರು ಎಂದು ಗೊತ್ತಾಗುತ್ತದೆ. ಚಳಿ ಪೂರ್ತಿ ಕಳೆದ ಮೇಲೆ ಅಲ್ಲಿಗೆ ಕತ್ತರಿಸಿ. ಮೇಲೆಲ್ಲ ಸತ್ತರೂ ಬುಡದಿಂದ ಚಿಗುರುವುದುಂಟು.

ಇವು ದೋಷವಲ್ಲ

ಮೈತುಂಬ ಮುಳ್ಳಿರುವ ದುಂಡನೆ ಹಸಿರು ಕಾಯಿ ಕಂಡರೆ ಗಾಬರಿ ಬೇಡ. ಅದು ರೋಗದ ಗಂಟಲ್ಲ, ಅಲಮಂಡದ ಕಾಯಿ. ಅಪರೂಪಕ್ಕೆ ಕಟ್ಟುತ್ತದೆ. ಒಣಗಿ ಸೀಳಿದಾಗ ರೆಕ್ಕೆಯ ಬೀಜ ಹೊರಬರುತ್ತವೆ. ಬೀಜ ಬೇಡವಾದರೆ ಹಸಿರಿದ್ದಾಗಲೇ ತೆಗೆಯಿರಿ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಈ ಗಿಡ ತೋಟ ದಾಟಿ ಕಾಡಿಗೆ ನುಗ್ಗಿ ಕಳೆಯಾಗಿದೆ. ಆದ್ದರಿಂದ ಸವರಿದ ರೆಂಬೆಗಳನ್ನು ಹಳ್ಳದ ದಂಡೆಗೆ ಎಸೆಯಬೇಡಿ. ಚಳಿಗಾಲದಲ್ಲಿ ಬುಡದ ಕೆಲವು ಎಲೆ ಉದುರುವುದು, ಹೂ ಕಡಿಮೆಯಾಗುವುದು ಸಹಜ.

ಗಿಡ ಉಳಿಯುವುದಿಲ್ಲ ಅನ್ನಿಸಿದರೆ

ಬುಡ ಕೊಳೆತು ಮೇಲಕ್ಕೆ ಏರುತ್ತಿದ್ದರೆ ಗಿಡದ ಮೇಲಿನ ಆಸೆ ಬಿಟ್ಟು ಕಟಿಂಗ್ ತೆಗೆದುಕೊಳ್ಳಿ. ಇನ್ನೂ ಗಟ್ಟಿಯಾಗಿರುವ, ಹೂವಿಲ್ಲದ ರೆಂಬೆಯಿಂದ 10–15 ಸೆಂ.ಮೀ. ಉದ್ದ, ಗೆಣ್ಣಿನ ಸ್ವಲ್ಪ ಕೆಳಗೆ ಕತ್ತರಿಸಿ. ಕತ್ತರಿಸಿದ ಜಾಗದ ನಡುವೆ ಕಂದು ಬಣ್ಣ ಕಂಡರೆ ಅದು ಬೇಡ, ಇನ್ನೂ ಮೇಲಿನದು ತೆಗೆಯಿರಿ. ಕೆಳಗಿನ ಎಲೆ ತೆಗೆದು, ಹಾಲು ಸೋರುವುದು ನಿಲ್ಲುವವರೆಗೆ ನೀರಿನಲ್ಲಿಟ್ಟು ಒರೆಸಿ, ಮರಳು ಮತ್ತು ತೆಂಗಿನ ನಾರಿನ ಪುಡಿಯ ಮಿಶ್ರಣದಲ್ಲಿ ನೆಡಿ. ಬೆಚ್ಚಗೆ, ತೇವವಾಗಿ, ನೇರ ಬಿಸಿಲು ಬೀಳದ ಕಡೆ ಇಡಿ. ಕೆಲವು ವಾರದಲ್ಲಿ ಚಿಗುರು ಕಾಣಬಹುದು, ಆದರೆ ಅದನ್ನು ನೋಡಿ ಬೇರು ಬಂತೆಂದು ತಿಳಿಯಬೇಡಿ. ಕಡ್ಡಿಯಲ್ಲಿ ಉಳಿದ ಶಕ್ತಿಯಿಂದಲೂ ಎಲೆ ಬರುತ್ತದೆ. ಮೆಲ್ಲಗೆ ಮೇಲಕ್ಕೆ ಎಳೆದು ನೋಡಿ. ಮಣ್ಣು ಬಿಗಿಯಾಗಿ ಹಿಡಿದಂತೆ ಅನ್ನಿಸಿದರೆ ಬೇರು ಇಳಿದಿದೆ, ಆಗ ಬೇರೆ ಕುಂಡಕ್ಕೆ ಬದಲಿಸಿ ನಿಧಾನವಾಗಿ ಬಿಸಿಲಿಗೆ ಒಗ್ಗಿಸಿ.